ಮೇ ತಿಂಗಳ ಕಾಳು

ಸೇಂಟ್ ಲೂಯಿಸ್‌ನ ಹೊರವಲಯದಲ್ಲಿರುವ ನಮ್ಮ ಮನೆಯ ಹಿತ್ತಲಿನ ಒಂದು ಮೂಲೆಯಲ್ಲಿ, ಹಿಂದಿನ ಮಾಲೀಕರು ಹಳೆಯ ಈಜುಕೊಳವನ್ನು ಮುಚ್ಚಿಸಿ ಮಣ್ಣು ತುಂಬಿಸಿದ ಜಾಗದಲ್ಲಿ, ಎಷ್ಟು ಸಲ ಬೀಜ ಚೆಲ್ಲಿದರೂ ಹುಲ್ಲುಹಾಸು ಹಿಡಿಯುವುದಿಲ್ಲ. ಆ ಗಟ್ಟಿ ಜೇಡಿಯಲ್ಲಿ ಯಾರ ಹಂಗೂ ಇಲ್ಲದೆ ಪ್ರತಿ ವಸಂತದಲ್ಲೂ ಏಳುವುದು ಒಂದು ಗಿಡ್ಡ ಹುಲ್ಲು. ಏಪ್ರಿಲ್ ಮುಗಿಯುವ ಹೊತ್ತಿಗೆ ಅದರ ತುದಿಯಲ್ಲಿ ಕಿರುಬೆರಳಿಗಿಂತ ತುಸು ಚಿಕ್ಕದಾದ, ಸುಂಕುಳ್ಳ ತೆನೆ ನೆಟ್ಟಗೆ ನಿಲ್ಲುತ್ತದೆ. ಮೂರು ವರ್ಷಗಳ ಹಿಂದೆ ಬಡಾವಣೆಯ ಸಂಘದಿಂದ ನಮಗೆ ಒಂದು ನೋಟೀಸು ಬಂತು. ಹಿತ್ತಲಿನ ಕಳೆ ಮಿತಿ ಮೀರಿ ಬೆಳೆದಿದೆ, ಹತ್ತು ದಿನಗಳೊಳಗೆ ಕತ್ತರಿಸತಕ್ಕದ್ದು ಎಂಬುದು ಅದರ ಸಾರಾಂಶ. ಕತ್ತರಿಸುವ ಮೊದಲು ಕತ್ತರಿಸುತ್ತಿರುವುದು ಏನೆಂದು ತಿಳಿದುಕೊಳ್ಳೋಣವೆಂದು ಬಗ್ಗಿ ಕುಳಿತವನಿಗೆ, ಗೋಧಿಯ ತೆನೆಯನ್ನು ಯಾರೋ ಮಕ್ಕಳಾಟಕ್ಕೆಂದು ಚಿಕ್ಕದಾಗಿ ಮಾಡಿಟ್ಟಂತೆ ಅದು ಕಂಡಿತು.

ಕಂಡದ್ದು ಪೂರ್ತಿ ತಪ್ಪೇನೂ ಆಗಿರಲಿಲ್ಲ. ಇದು ಬಾರ್ಲಿಯ ಕುಲಕ್ಕೇ ಸೇರಿದ ಕಾಡು ಹುಲ್ಲು, ಉತ್ತರ ಅಮೆರಿಕದ ಮೂಲನಿವಾಸಿ ಸಸ್ಯ. 1818ರಲ್ಲಿ ಥಾಮಸ್ ನಟ್ಟಾಲ್ ಎಂಬ ಸಸ್ಯಶಾಸ್ತ್ರಜ್ಞ ಇದನ್ನು ವರ್ಣಿಸಿ ಹಾರ್ಡಿಯಮ್ ಪುಸಿಲ್ಲಮ್ ಎಂದು ಹೆಸರಿಟ್ಟರು. ಹಾರ್ಡಿಯಮ್ ಎಂದರೆ ಲ್ಯಾಟಿನ್ನಿನಲ್ಲಿ ಬಾರ್ಲಿ, ಪುಸಿಲ್ಲಮ್ ಎಂದರೆ ತೀರ ಚಿಕ್ಕದು. ಇಲ್ಲಿನ ಜನ ಇದನ್ನು ಲಿಟಲ್ ಬಾರ್ಲಿ ಎನ್ನುತ್ತಾರೆ. ನಾನು ಮನೆಯ ಮಾತಿಗೆ ಕಿರುಜವೆ ಎಂದು ಕರೆದುಕೊಂಡಿದ್ದೇನೆ. ವಿಚಿತ್ರವೆಂದರೆ, ಅಮೆರಿಕದ ಇತರ ಹೆಚ್ಚಿನ ಕಾಡು ಬಾರ್ಲಿಗಳಿಗಿಂತ ಅರ್ಜೆಂಟೀನ ಮತ್ತು ಉರುಗ್ವೆಯ ಹುಲ್ಲುಗಾವಲುಗಳಲ್ಲಿ ಬೆಳೆಯುವ ಒಂದು ಬಾರ್ಲಿಗೆ ಇದು ಹೆಚ್ಚು ಹತ್ತಿರದ ಸಂಬಂಧಿ. ದಕ್ಷಿಣದಿಂದ ಉತ್ತರಕ್ಕೆ ವಲಸೆ ಬರುವ ಹಕ್ಕಿಗಳ ಜೊತೆ ಇದರ ಪೂರ್ವಜ ಬಂದಿರಬೇಕೆಂದು ಸಸ್ಯವಿಜ್ಞಾನಿಗಳು ಭಾವಿಸುತ್ತಾರೆ.

ಜವೆ ಎಂಬ ಮಾತನ್ನು ಬಳಸುವಾಗ ಧಾರವಾಡ ಸೀಮೆಯವನಾದ ನಾನು ಒಂದು ತಕರಾರನ್ನು ಇಲ್ಲಿಯೇ ಬಗೆಹರಿಸಿಕೊಳ್ಳಬೇಕು. ಪಠ್ಯಪುಸ್ತಕದ ಕನ್ನಡದಲ್ಲಿ ಜವೆಗೋಧಿ ಎಂದರೆ ಬಾರ್ಲಿ. ಸಂಸ್ಕೃತದ ಯವ ಶಬ್ದದಿಂದ ಬಂದದ್ದು. ಆದರೆ ನಮ್ಮ ಮನೆಯಲ್ಲಿ ಜವೆಗೋಧಿ ಎಂದರೆ ಹುಗ್ಗಿ ಮಾಡುವ ಕೆಂಪು ಗೋಧಿ, ಅಂದರೆ ಕೆಲವರು ಸದಕ ಎಂದೂ ಮರಾಠಿಯವರು ಖಪಲಿ ಎಂದೂ ಕರೆಯುವ ಗೋಧಿ. ಅದು ಬಾರ್ಲಿಯೇ ಅಲ್ಲ. ಎರಡಕ್ಕೂ ಒಂದೇ ಹೆಸರು ಬಿದ್ದದ್ದಕ್ಕೆ ಬಹುಶಃ ಕಾರಣ ಸಿಪ್ಪೆಯೇ ಇರಬೇಕು. ಸಾಮಾನ್ಯ ಗೋಧಿಯ ಹಾಗೆ ಒಕ್ಕಿದ ಕೂಡಲೇ ಕಾಳು ಬರಿಮೈಯಾಗಿ ಹೊರಗೆ ಬೀಳದೆ ಇವೆರಡೂ ಉಮಿಯನ್ನು ಬಿಗಿಯಾಗಿ ತಬ್ಬಿಕೊಂಡಿರುತ್ತವೆ. ಒನಕೆಯ ಪೆಟ್ಟು ಬೀಳದೆ ಬಿಡುವುದಿಲ್ಲ. ಈ ಜಗಳಗಂಟ ಗುಣ ನನ್ನ ಹಿತ್ತಲಿನ ಕಿರುಜವೆಗೂ ಪೂರ್ತಿಯಾಗಿ ಬಂದಿದೆ.

ತೆನೆಯೊಂದನ್ನು ಕಿತ್ತು ಬೆಳಕಿಗೆ ಹಿಡಿದು ನೋಡಿದರೆ ಅದರ ಕಟ್ಟಡ ಸ್ಪಷ್ಟವಾಗಿ ಕಾಣುತ್ತದೆ. ನಡುವೆ ಒಂದು ಸಣ್ಣ ದಂಟು, ಅದರಲ್ಲಿ ಗೆಣ್ಣುಗಳು, ಪ್ರತಿ ಗೆಣ್ಣಿನಲ್ಲೂ ಮೂರು ಹೂಗೊಂಚಲುಗಳು. ಆ ಮೂರರಲ್ಲಿ ಕಾಳು ಕಟ್ಟುವುದು ಮಧ್ಯದ್ದು ಮಾತ್ರ. ಅಕ್ಕಪಕ್ಕದ ಎರಡು ಸಣ್ಣ ತೊಟ್ಟುಗಳ ಮೇಲೆ ಬರಿದೇ ನಿಂತ ಬಂಜೆ ಹೂಗಳು. ನಾವು ಅಂಗಡಿಯಲ್ಲಿ ಕೊಳ್ಳುವ ಬಾರ್ಲಿಯಲ್ಲೂ ಮೂಲ ವ್ಯವಸ್ಥೆ ಇದೇ. ಎರಡು ಸಾಲಿನ ಬಾರ್ಲಿಯಲ್ಲಿ ಮಧ್ಯದ್ದೊಂದೇ ಕಾಳಾಗುತ್ತದೆ, ಆರು ಸಾಲಿನದರಲ್ಲಿ ಮೂರೂ ಕಾಳಾಗುತ್ತವೆ. ಕಿರುಜವೆಯ ಕಾಳು ಮಾತ್ರ ಎರಡು ಮೂರು ಮಿಲಿಮೀಟರಿನದು. ತೆನೆ ಮಾಗಿದಾಗ ದಂಟಿನ ಗೆಣ್ಣುಗಳು ತುದಿಯಿಂದ ಕೆಳಕ್ಕೆ ಒಂದೊಂದಾಗಿ ಕಳಚಿಕೊಳ್ಳುತ್ತವೆ, ಕಳಚಿದ ಪ್ರತಿ ತುಂಡೂ ಸುಂಕಿನ ಸಮೇತ ಬಾಣದಂತೆ ನೆಲಕ್ಕೆ ಬೀಳುತ್ತದೆ. ಹುಲ್ಲಿಗೆ ಇದರಿಂದ ಲಾಭ, ಕೊಯ್ಯುವವನಿಗೆ ನಷ್ಟ. ಪಶ್ಚಿಮ ಏಷ್ಯಾದ ಕಾಡು ಬಾರ್ಲಿಯೂ ಹೀಗೆಯೇ ಉದುರುತ್ತದೆ. ಗಲಿಲೀ ಸರೋವರದ ದಡದ ಒಹಾಲೊ ಎಂಬಲ್ಲಿ ಸುಮಾರು 23,000 ವರ್ಷಗಳ ಹಿಂದೆಯೇ ಜನ ಅದನ್ನು ಕೂಡಿಸಿ ತಿನ್ನುತ್ತಿದ್ದರು, ಆದರೆ ಉದುರದ ತೆನೆಯ ಬಾರ್ಲಿ ಹೊಲದಲ್ಲಿ ನೆಲೆಯೂರಿದ್ದು ಅದಾದ ಹತ್ತು ಸಾವಿರಕ್ಕೂ ಹೆಚ್ಚು ವರ್ಷಗಳ ಮೇಲೆ. ಪಕ್ಕಪಕ್ಕದಲ್ಲಿರುವ ಎರಡು ಜೀನುಗಳಲ್ಲಿ ಯಾವುದಾದರೂ ಒಂದು ಕೆಟ್ಟುಹೋದರೆ ಸಾಕು, ದಂಟು ಕಳಚಿಕೊಳ್ಳುವುದನ್ನು ಮರೆತುಬಿಡುತ್ತದೆ. ಅಂಥ ಕೆಟ್ಟ ಗಿಡಗಳನ್ನೇ ನಾವು ಒಳ್ಳೆಯ ಬೆಳೆ ಎನ್ನುತ್ತೇವೆ.

ಮೊದಲ ವರ್ಷ ನನಗೆ ಇದಾವುದೂ ತಿಳಿದಿರಲಿಲ್ಲ. ಜೋಳ ಒಣಗಿದ ಮೇಲೆ ಕೊಯ್ಯುವುದನ್ನು ನೋಡಿ ಬೆಳೆದವನಾದ್ದರಿಂದ ಇದನ್ನೂ ಪೂರ್ತಿ ಒಣಗಲು ಬಿಟ್ಟೆ. ಜೂನ್ ಮೊದಲ ವಾರ ಹೋಗಿ ಒಂದು ಹಿಡಿ ತೆನೆಗೆ ಕೈ ಹಾಕಿದಾಗ ಕೈಯಲ್ಲಿ ಉಳಿದದ್ದು ಬೋಳು ಕಡ್ಡಿಗಳು. ಎರಡನೆಯ ವರ್ಷ ತೆನೆಯ ಬುಡ ಇನ್ನೂ ಹಸಿರಾಗಿದ್ದು ತುದಿ ಹಳದಿಗೆ ತಿರುಗುತ್ತಿದ್ದಾಗಲೇ, ಮೇ ತಿಂಗಳ ಮೂರನೆಯ ವಾರದ ಎರಡು ಸಂಜೆ, ಕತ್ತರಿಯಿಂದ ಒಂದೊಂದಾಗಿ ಕಾಗದದ ಚೀಲಕ್ಕೆ ಕತ್ತರಿಸಿದೆ. ನೋಟೀಸಿನ ವಿಷಯವಾಗಿ ಸಂಘದವರಿಗೆ ಇದು ದೇಶೀಯ ಸಸ್ಯವೆಂದೂ, ಜೂನ್ ಬಂದರೆ ತಾನೇ ಒಣಗಿ ಸಾಯುತ್ತದೆಂದೂ ಬರೆದು, ಬೇಲಿಯ ಬದಿಯ ಒಂದು ಪಟ್ಟಿಯನ್ನು ಅಲ್ಲಿಯವರೆಗೆ ಬಿಡಲು ಒಪ್ಪಿಸಿದ್ದೆ. ಅವರು ಒಪ್ಪಿದ್ದು ನನ್ನ ವಾದಕ್ಕೋ ಪತ್ರದ ಉದ್ದಕ್ಕೋ ತಿಳಿಯದು.

ಕೊಯ್ದದ್ದನ್ನು ವಾರವಿಡೀ ಪತ್ರಿಕೆಯ ಹಾಳೆಗಳ ಮೇಲೆ ಒಣಗಿಸಿದ್ದಾಯಿತು. ಆಮೇಲೆ ಸುಂಕನ್ನು ಸುಡಬೇಕೆಂದು ಕಬ್ಬಿಣದ ಬಾಣಲೆಯನ್ನು ಚೆನ್ನಾಗಿ ಕಾಯಿಸಿ ತೆನೆಯ ತುಂಡುಗಳನ್ನು ಹಾಕಿ ಆಡಿಸಿದೆ. ಸುಂಕು ಚಿಟಪಟ ಸದ್ದು ಮಾಡುತ್ತ ಕೆಂಪಗಾಗಿ ಉರಿದು ಹೋಗುವುದು ನೋಡಲು ಚೆಂದ. ಆದರೆ ಅಡುಗೆಮನೆಯ ಹೊಗೆ ಗಂಟೆ ಕಿರುಚಲು ಶುರುಮಾಡಿ, ಅದನ್ನು ಸುಮ್ಮನಾಗಿಸಲು ಕುರ್ಚಿ ಹತ್ತಿ ಇಳಿಯುವಷ್ಟರಲ್ಲಿ ಬಾಣಲೆಯ ನಡುವಿನ ಕಾಳೆಲ್ಲ ಸೀದು ಕರಿಯಾಗಿತ್ತು. ಉಳಿದದ್ದನ್ನು ಕುಟ್ಟಾಣಿಯಲ್ಲಿ ಮೆಲ್ಲಗೆ ಕುಟ್ಟಿ ಉಮಿ ಬಿಡಿಸಿದೆ. ಮನೆಯಲ್ಲಿ ಮೊರವಿಲ್ಲ. ಸ್ಟೀಲಿನ ಹರಿವಾಣದಲ್ಲಿ ಕೇರಲು ಹೋದರೆ ಕಾಳು ಎಷ್ಟು ಹಗುರವೆಂದರೆ, ಹೊಟ್ಟಿನ ಜೊತೆ ಅದೂ ಹಾರಿ ಹೋಗುತ್ತಿತ್ತು. ಗಾಳಿಯಿಲ್ಲದ ಗ್ಯಾರೇಜಿನಲ್ಲಿ ಕುಳಿತು ಬಾಯಿಂದ ಊದಿ ಊದಿ ಬೇರ್ಪಡಿಸಬೇಕಾಯಿತು. ಕೊನೆಗೆ ತಕ್ಕಡಿಗೆ ಇಟ್ಟಾಗ ಬಂದದ್ದು ನಲವತ್ತು ಗ್ರಾಮಿಗೆ ಇನ್ನೂ ಸ್ವಲ್ಪ ಕಮ್ಮಿ. ತರಿಯಾಗಿ ಒಡೆದು ಗಂಜಿ ಮಾಡಿ, ಉಪ್ಪು ಮಜ್ಜಿಗೆ ಹಾಕಿ ಇಬ್ಬರೂ ಕುಡಿದೆವು. ಹುರಿದ ಬಾರ್ಲಿಯದೇ ವಾಸನೆ, ಹಿಂದಿನಿಂದ ಹೊಟ್ಟಿನ ಒಂದಿಷ್ಟು ಕಹಿ, ಹಲ್ಲಿನ ಸಂದಿಯಲ್ಲಿ ಎರಡು ದಿನ ಉಳಿದ ಉಮಿಯ ಚೂರುಗಳು.

ಪ್ರಯೋಗ ಮಾಡಬಯಸುವವರಿಗೆ ಎರಡು ಮಾತು. ಕಳೆನಾಶಕ ಹೊಡೆದ ಹುಲ್ಲುಹಾಸಿನಿಂದಲೂ ಹೆದ್ದಾರಿಯ ಬದಿಯಿಂದಲೂ ಕೊಯ್ಯಬಾರದು. ಕಾಳಿನ ಜಾಗದಲ್ಲಿ ಕಪ್ಪು ನೇರಳೆ ಬಣ್ಣದ ಕೊಂಬಿನಂಥ ಗಂಟು ಕಂಡರೆ ಅದು ಎರ್ಗಟ್ ಎಂಬ ವಿಷ ಶಿಲೀಂಧ್ರ, ಆ ತೆನೆಗಳನ್ನು ಎಸೆದುಬಿಡಬೇಕು. ರಸ್ತೆ ಬದಿಯಲ್ಲಿ ರೇಷ್ಮೆಯಂಥ ಉದ್ದನೆಯ ಸುಂಕಿನಿಂದ ಹೊಳೆಯುವ ನರಿಬಾಲದ ಬಾರ್ಲಿ ಬೇರೆ ಜಾತಿಯದು. ಅದರ ಸುಂಕು ದನಗಳ ಬಾಯಿಗೂ ನಾಯಿಗಳ ಕಿವಿಗೂ ಚುಚ್ಚಿ ಗಾಯ ಮಾಡುತ್ತದೆ.

ಬಾಣಲೆಯಲ್ಲಿ ಸೀದುಹೋದ ಕಾಳಿನ ಬಗ್ಗೆ ನನಗೆ ಅಂದು ಬೇಸರವಾಗಿತ್ತು. ಆದರೆ ಈ ಹುಲ್ಲಿನ ಹಳೆಯ ಚರಿತ್ರೆ ನಮಗೆ ತಿಳಿದಿರುವುದೇ ಹೀಗೆ ಸೀದ ಕಾಳುಗಳಿಂದ. ಒಣ ಗುಹೆಗಳನ್ನು ಬಿಟ್ಟರೆ ಈ ಪ್ರದೇಶದ ತೇವದ ಮಣ್ಣಿನಲ್ಲಿ ಹಸಿ ಕಾಳು ಕೊಳೆತುಹೋಗುತ್ತದೆ. ಯಾರದೋ ಒಲೆಯಲ್ಲಿ ಕೈತಪ್ಪಿ ಇದ್ದಲಾದ ಕಾಳು ಮಾತ್ರ ಸಾವಿರಾರು ವರ್ಷ ಉಳಿಯುತ್ತದೆ. ಅದನ್ನು ಮಣ್ಣಿನಿಂದ ಬಿಡಿಸುವ ವಿಧಾನವನ್ನು ಸ್ಟುವರ್ಟ್ ಸ್ಟ್ರೂವರ್ ಎಂಬ ಪುರಾತತ್ವಜ್ಞರು 1960ರ ದಶಕದಲ್ಲಿ ಇಲ್ಲಿಯೇ ನೆರೆಯ ಇಲಿನಾಯ್‌ನಲ್ಲಿ ರೂಢಿಗೆ ತಂದರು. ಅಕ್ಕಿ ಜಾಲಿಸುವುದನ್ನು ಬಲ್ಲವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಅಗೆದ ಮಣ್ಣನ್ನು ನೀರಿಗೆ ಹಾಕಿ ಕದಡಿದರೆ ಕಲ್ಲು ಮಣ್ಣು ತಳ ಸೇರುತ್ತವೆ, ಹಗುರಾದ ಇದ್ದಲು ಕಾಳು ಮೇಲೆ ತೇಲುತ್ತದೆ, ಅದನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ಹಿಡಿದು ಸೂಕ್ಷ್ಮದರ್ಶಕದಡಿ ಎಣಿಸಬೇಕು. ಅದಕ್ಕೂ ಮೊದಲು ಅಗೆದವರ ಕಣ್ಣಿಗೆ ಬೀಳುತ್ತಿದ್ದುದು ಮೂಳೆ, ಮಡಕೆ, ಮೆಕ್ಕೆಜೋಳದ ದಿಂಡು. ಎರಡು ಮಿಲಿಮೀಟರಿನ ಕಾಳು ಯಾರ ಲೆಕ್ಕಕ್ಕೂ ಸಿಗುತ್ತಿರಲಿಲ್ಲ. 1970ರ ದಶಕದ ಕೊನೆಯಿಂದ ಸೇಂಟ್ ಲೂಯಿಸ್‌ನ ಎದುರು ದಡದ ಮಿಸಿಸಿಪ್ಪಿ ಬಯಲಿನಲ್ಲಿ ಹೆದ್ದಾರಿ ಕಟ್ಟುವ ಮೊದಲು ನಡೆದ ದೊಡ್ಡ ಉತ್ಖನನಗಳಲ್ಲಿ ಹೀಗೆ ಜಾಲಿಸಿದ ಮಣ್ಣಿನಿಂದ ಕಿರುಜವೆ ರಾಶಿರಾಶಿಯಾಗಿ ತೇಲಿ ಬಂತು.

ಅದು ಒಂಟಿಯಾಗಿಯೂ ಬರಲಿಲ್ಲ. ಕುಂಬಳ ಜಾತಿಯ ಒಂದು ಬಳ್ಳಿ, ಸೂರ್ಯಕಾಂತಿ, ಎಣ್ಣೆ ಬೀಜದ ಸಂಪ್‌ವೀಡ್, ನಮ್ಮ ಚಕ್ರವರ್ತಿ ಸೊಪ್ಪಿನ ಕುಲದ ಗೂಸ್‌ಫುಟ್, ನಾಟ್‌ವೀಡ್, ಮೇಗ್ರಾಸ್ ಇವೆಲ್ಲ ಸೇರಿದ ಒಂದು ಸಂಪೂರ್ಣ ಬೇಸಾಯವೇ ಹೊರಬಂತು. ಮೆಕ್ಸಿಕೋದ ಮೆಕ್ಕೆಜೋಳ ಇಲ್ಲಿನ ಹೊಲಗಳನ್ನು ಆಳುವುದಕ್ಕೆ ಬಹಳ ಮೊದಲೇ, ಪೂರ್ವ ಉತ್ತರ ಅಮೆರಿಕದ ಜನ ತಮ್ಮದೇ ಕಾಡು ಗಿಡಗಳಿಂದ ತಮ್ಮದೇ ಬೆಳೆಗಳನ್ನು ಮಾಡಿಕೊಂಡಿದ್ದರು. ಕುಂಬಳವನ್ನು ಸುಮಾರು 5,000 ವರ್ಷಗಳ ಹಿಂದೆ ಬೆಳೆಸಿದ ಸಾಕ್ಷ್ಯ ಸಿಕ್ಕಿದ್ದು ನಮ್ಮ ಮಿಸೌರಿ ರಾಜ್ಯದ ಫಿಲಿಪ್ಸ್ ಸ್ಪ್ರಿಂಗ್‌ನಲ್ಲಿ. ಕಿರುಜವೆ ಸುಮಾರು 2,000 ವರ್ಷಗಳ ಹಿಂದಿನಿಂದ ಹೇರಳವಾಗಿ ಕಾಣಿಸುತ್ತದೆ. ದೂರದ ಅರಿಜೋನಾದಲ್ಲಿ, ಸಾಲ್ಟ್ ಮತ್ತು ಹೀಲಾ ನದಿಗಳಿಂದ ಕಾಲುವೆ ತೋಡಿ ಮರುಭೂಮಿಗೆ ನೀರುಣಿಸಿದ ಹೊಹೊಕಮ್ ಜನರ ನೆಲೆಗಳಲ್ಲಿ ಸಿಕ್ಕ ಕಿರುಜವೆಯಂತೂ ಉಮಿಯನ್ನು ಬಿಟ್ಟುಕೊಟ್ಟ ಬರಿಮೈ ಕಾಳು. ಕಾಡಿನ ಗಿಡ ಹಾಗಿರುವುದಿಲ್ಲ. ಕುಟ್ಟಾಣಿಯ ಮುಂದೆ ಗಂಟೆಗಟ್ಟಲೆ ಕುಳಿತ ನನಗೆ ಆ ಬದಲಾವಣೆಯ ಬೆಲೆ ಎಷ್ಟೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಇಷ್ಟು ಸಣ್ಣ ಕಾಳಿನ ಹಿಂದೆ ಜನ ಏಕೆ ಬಿದ್ದರು ಎಂಬ ಪ್ರಶ್ನೆಯನ್ನು ಕಾಳಿನ ಗಾತ್ರದಿಂದ ಅಳೆಯಲು ಹೋದರೆ ಉತ್ತರ ಸಿಗುವುದಿಲ್ಲ, ತಿಂಗಳಿನಿಂದ ಅಳೆದರೆ ಸಿಗುತ್ತದೆ. ಗೂಸ್‌ಫುಟ್, ನಾಟ್‌ವೀಡ್, ಸೂರ್ಯಕಾಂತಿ, ಸಂಪ್‌ವೀಡ್ ಎಲ್ಲವೂ ಶರತ್ಕಾಲದಲ್ಲಿ ಕೈಗೆ ಬರುತ್ತವೆ. ಅಡಿಕೆಯಷ್ಟು ದೊಡ್ಡ ಹಿಕರಿ ಕಾಯಿಗಳೂ ಓಕ್ ಮರದ ಕಾಯಿಗಳೂ ಆಗಲೇ ಉದುರುತ್ತವೆ. ಅದನ್ನೆಲ್ಲ ನೆಲದೊಳಗಿನ ಕುಳಿಗಳಲ್ಲಿ ತುಂಬಿಟ್ಟು ಚಳಿಗಾಲ ಕಳೆಯಬೇಕು. ಮಾರ್ಚ್, ಏಪ್ರಿಲ್ ಹೊತ್ತಿಗೆ ಕುಳಿ ಬರಿದಾಗುತ್ತ ಬರುತ್ತದೆ, ಹೊಸ ಬೆಳೆ ಇನ್ನೂ ಐದಾರು ತಿಂಗಳು ದೂರ. ಆ ಕಂದಕಕ್ಕೆ ಸೇತುವೆಯಾದದ್ದು ಎರಡೇ ಹುಲ್ಲುಗಳು, ಕಿರುಜವೆ ಮತ್ತು ಮೇಗ್ರಾಸ್. ಕಿರುಜವೆ ಶರತ್ಕಾಲದಲ್ಲಿ ಮೊಳೆತು, ಹಿಮದಡಿಯಲ್ಲಿ ನೆಲಕ್ಕೆ ಅಂಟಿಕೊಂಡು ಚಳಿಗಾಲ ಕಳೆದು, ಬೇರೆಲ್ಲ ಗಿಡಗಳು ಆಗಷ್ಟೇ ಚಿಗುರುವ ಹೊತ್ತಿಗೆ ತಾನು ಕಾಳು ಕಟ್ಟಿ ಮುಗಿಸುತ್ತದೆ.

ಓದುತ್ತಿದ್ದಾಗ ನನಗೆ ನೆನಪಾದದ್ದು ಅಜ್ಜನ ಮನೆಯ ಮುಂದಿನ ಹಗೇವು. ಹಿಂಗಾರಿ ಜೋಳವನ್ನು ನೆಲದೊಳಗಿನ ಆ ಹಗೇವಿಗೆ ಇಳಿಸಿ ಬಾಯಿ ಮುಚ್ಚಿದರೆ ಬೇಕಾದಾಗ ಮಾತ್ರ ತೆಗೆಯುತ್ತಿದ್ದರು. ಅಜ್ಜನ ಎರೆ ಹೊಲದಲ್ಲಿ ಮುಂಗಾರಿಗೆ ಮೊದಲು ಬೀಳುತ್ತಿದ್ದುದು ಹೆಸರು. ಎಪ್ಪತ್ತು ದಿನದ ಬೆಳೆ. ಶ್ರಾವಣ ಭಾದ್ರಪದದ ಹೊತ್ತಿಗೆ, ಕೈಯಲ್ಲಿ ಕಾಸಿಲ್ಲದ, ಹಬ್ಬಗಳು ಸಾಲಾಗಿ ಬಂದು ನಿಂತ ಕಾಲದಲ್ಲಿ ಅದು ಮನೆಗೆ ಬರುತ್ತಿತ್ತು. ಅದು ಹೋದ ನೆಲಕ್ಕೇ ಮತ್ತೆ ಜೋಳ ಬಿತ್ತುತ್ತಿದ್ದರು. ಎಕರೆಗೆ ಎಷ್ಟು ಬಂತು ಎಂದು ಹೆಸರಿನ ಬಗ್ಗೆ ಅಜ್ಜ ಎಂದೂ ಬಹಳ ತಲೆ ಕೆಡಿಸಿಕೊಂಡವರಲ್ಲ, ಯಾವಾಗ ಬಂತು ಎಂದು ಕೇಳುತ್ತಿದ್ದರು.

ಕಾಡಿನ ಹುಲ್ಲು ಮೊದಲ ಸಲ ಮನುಷ್ಯರ ಕಣ್ಣಿಗೆ ಬಿದ್ದದ್ದು ಹೇಗೆ ಎಂಬುದರ ಬಗ್ಗೆ ಒಂದು ಸ್ವಾರಸ್ಯಕರ ವಾದವಿದೆ. ನದಿಗಳ ನೆರೆ ತೊಳೆದುಬಿಟ್ಟ ಬಯಲುಗಳಲ್ಲಿ, ಹಟ್ಟಿಗಳ ಸುತ್ತ ಕೆದಕಿದ ಮಣ್ಣಿನಲ್ಲಿ ಈ ಗಿಡಗಳೆಲ್ಲ ತಾವೇ ಬಂದು ನೆಲೆಸಿದವೆಂದು ಹಳೆಯ ತಲೆಮಾರಿನ ವಿದ್ವಾಂಸರು ಹೇಳುತ್ತಿದ್ದರು. ನಮ್ಮೂರಿನ ವಾಷಿಂಗ್ಟನ್ ವಿಶ್ವವಿದ್ಯಾಲಯದ ನಟಾಲಿ ಮುಲರ್ ಮತ್ತು ಸಂಗಡಿಗರು ಓಕ್ಲಹೋಮಾದ ಎತ್ತರ ಹುಲ್ಲಿನ ಪ್ರೇರಿಯಲ್ಲಿ ಬೈಸನ್ ಹಿಂಡುಗಳ ಜಾಡು ಹಿಡಿದು ನಡೆದು ಬೇರೆಯದನ್ನೇ ಕಂಡರು. ಆಳೆತ್ತರದ ಹುಲ್ಲಿನ ನಡುವೆ ಪ್ರಾಣಿಗಳು ತುಳಿದು ಮೇಯ್ದ ದಾರಿಗಳ ಉದ್ದಕ್ಕೂ ಕಿರುಜವೆ, ಮೇಗ್ರಾಸ್, ಸಂಪ್‌ವೀಡ್‌ಗಳು ಬಿತ್ತಿದಂತೆ ಒತ್ತೊತ್ತಾಗಿ ಬೆಳೆದಿದ್ದವು. ದಾರಿಯಲ್ಲಿ ನಡೆಯುತ್ತಲೇ ಕೊಯ್ಯಬಹುದಾದಷ್ಟು. ಈ ಬೈಸನ್ ನಮ್ಮ ನಾಗರಹೊಳೆ ಬಂಡೀಪುರದ ಕಾಟಿಯಲ್ಲ. ಬ್ರಿಟಿಷ್ ಬೇಟೆಗಾರರು ಕಾಟಿಯನ್ನೂ ಬೈಸನ್ ಎಂದೇ ಕರೆದುಬಿಟ್ಟದ್ದರಿಂದ ಇಂದಿಗೂ ನಮ್ಮಲ್ಲಿ ಈ ಗೊಂದಲ ಉಳಿದಿದೆ. ನನ್ನ ಹಿತ್ತಲಿನ ವಿಷಯದಲ್ಲಿ ನಾನು ಮುಲರ್ ಅವರ ಪಕ್ಷ. ಇಲ್ಲಿ ಬೈಸನ್ ಇಲ್ಲದಿದ್ದರೂ, ನೆಲವನ್ನು ಗಟ್ಟಿಯಾಗುವಂತೆ ತುಳಿದು ಉಳಿದ ಹುಲ್ಲನ್ನು ಗಿಡ್ಡವಾಗಿಡುವ ಕೆಲಸವನ್ನು ಬುಲ್ಡೋಜರೂ ಹುಲ್ಲು ಕತ್ತರಿಸುವ ಯಂತ್ರವೂ ಸೇರಿ ಮಾಡಿವೆ.

ಮನೆಯಿಂದ ಅರ್ಧ ಗಂಟೆ ಕಾರಿನಲ್ಲಿ ಹೋದರೆ ಕಹೋಕಿಯಾ ಎಂಬ ಹಳೆಯ ನಗರದ ದಿಬ್ಬಗಳು ಸಿಗುತ್ತವೆ. ಬುಟ್ಟಿಯಲ್ಲಿ ಹೊತ್ತ ಮಣ್ಣಿನಿಂದಲೇ ಕಟ್ಟಿದ ದೊಡ್ಡ ದಿಬ್ಬ ಸುಮಾರು 30 ಮೀಟರ್ ಎತ್ತರವಿದೆ, ಕ್ರಿ.ಶ. 1050ರಿಂದ ಒಂದೆರಡು ಶತಮಾನಗಳ ಕಾಲ ಇಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ನೆಲೆಸಿದ್ದರು. 1982ರಲ್ಲಿ ಇದು ಯುನೆಸ್ಕೋದ ವಿಶ್ವ ಪರಂಪರೆಯ ತಾಣವಾಯಿತು. ಈ ನಗರವನ್ನು ಮೆಕ್ಕೆಜೋಳ ಒಂದೇ ಕಟ್ಟಿತೆಂದು ಬಹಳ ಕಾಲ ಹೇಳುತ್ತಿದ್ದರು. ಇಲ್ಲಿನ ಬೇಸಾಯವನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಗೇಲ್ ಫ್ರಿಟ್ಜ್ ಅವರು, ಮೆಕ್ಕೆಜೋಳ ಬಂದ ಮೇಲೂ ಇಲ್ಲಿನ ಹೊಲಗಳಲ್ಲಿ ಹಳೆಯ ಕಾಳುಗಳೂ ಜೊತೆಗೇ ಬೆಳೆಯುತ್ತಿದ್ದವೆಂದೂ, ಬೀಜದ ಆಯ್ಕೆ, ಬಿತ್ತನೆ, ಕೊಯ್ಲು ಹೆಂಗಸರ ಕೈಯಲ್ಲಿತ್ತೆಂದೂ ತೋರಿಸಿಕೊಟ್ಟರು. ಆದರೆ ನಗರ ಚದುರಿದ ಮೇಲೆ ಕಿರುಜವೆಯೂ ಹೊಲ ಬಿಟ್ಟಿತು. ಯುರೋಪಿನವರು ಬರುವ ವೇಳೆಗೆ ಸೂರ್ಯಕಾಂತಿ ಮತ್ತು ಕುಂಬಳ ಉಳಿದಿದ್ದವು, ಉಳಿದವುಗಳಲ್ಲಿ ಬಹುಪಾಲು ಹೊಲದಿಂದ ಹೋಗಿದ್ದವು. ನಮ್ಮ ಕಡೆ ಗೋವಿನಜೋಳವೆನ್ನುವ ಅದೇ ಮೆಕ್ಕೆಜೋಳ ಈಗ ಹಾವೇರಿ, ಧಾರವಾಡದ ಎಷ್ಟೋ ಹೊಲಗಳಲ್ಲಿ ಬಿಳಿಜೋಳವನ್ನು ಬದಿಗೆ ಸರಿಸಿ ನಿಂತಿರುವುದನ್ನು ಊರಿಗೆ ಹೋದಾಗಲೆಲ್ಲ ನೋಡುತ್ತೇನೆ. ಅಜ್ಜನ ಹೊಲದಲ್ಲೂ ಈಗ ಅದೇ ಇದೆ, ಹಗೇವಿನ ಮೇಲೆ ಸಿಮೆಂಟು ಬಿದ್ದಿದೆ.

ಬೆಳೆ ಮತ್ತೆ ಕಳೆಯಾಗುವುದು ಅಮೆರಿಕಕ್ಕೆ ಮಾತ್ರ ಮೀಸಲಾದ ಸಂಗತಿಯೇನಲ್ಲ. ಬಳ್ಳಾರಿಯ ಸಂಗನಕಲ್ಲಿನಂಥ ನವಶಿಲಾಯುಗದ ನೆಲೆಗಳ ಮಣ್ಣನ್ನು ಇದೇ ರೀತಿ ಜಾಲಿಸಿದಾಗ ಹುರುಳಿ, ಹೆಸರಿನ ಜೊತೆ ಎರಡು ಸಣ್ಣ ಕಾಳುಗಳು ಮುಖ್ಯವಾಗಿ ಸಿಕ್ಕವು. ಒಂದು ಕೊರಲೆ, ಅದು ತುಮಕೂರು, ಚಿತ್ರದುರ್ಗದ ಕಡೆ ಇನ್ನೂ ಹೊಲದಲ್ಲಿದೆ, ಈಚೆಗೆ ಸಿರಿಧಾನ್ಯವೆಂದು ಪೇಟೆಯ ಪೊಟ್ಟಣಕ್ಕೂ ಏರಿದೆ. ಇನ್ನೊಂದು ನವಣೆಯ ಕುಲದ, ಬಟ್ಟೆಗೆ ಅಂಟಿಕೊಳ್ಳುವ ಒರಟು ತೆನೆಯ ಹುಲ್ಲು; ಅದು ಇಂದು ತೋಟದ ಬದುವಿನ ಕಳೆ.

ಈ ವರ್ಷದ ಕೊಯ್ಲಿನಲ್ಲಿ ಅರ್ಧವನ್ನು ಉಮಿ ಬಿಡಿಸದೆ ಕಾಗದದ ಲಕೋಟೆಯಲ್ಲಿಟ್ಟಿದ್ದೇನೆ. ಫೋನಿನಲ್ಲಿ ಅಮ್ಮನಿಗೆ ಇದನ್ನೆಲ್ಲ ವಿವರಿಸಿದಾಗ ಅವರು ಪೂರ್ತಿ ಕೇಳಿಸಿಕೊಂಡು, ಒಂದು ಹುಗ್ಗಿಗಾದರೂ ಸಾಕಾಗುತ್ತದೆಯೇ ಎಂದು ಮಾತ್ರ ಕೇಳಿದರು. ಆಗುವುದಿಲ್ಲ. ಅಕ್ಟೋಬರಿನಲ್ಲಿ ಮೊದಲ ಸಲ ಇಬ್ಬನಿ ಹೆಪ್ಪುಗಟ್ಟಿ ಟೊಮ್ಯಾಟೊ ಗಿಡಗಳು ಕಪ್ಪಗಾಗಿ ಬಾಗಿದ ಕೂಡಲೇ ಅವನ್ನು ಕಿತ್ತು, ಆ ಪಾತಿಗೆ ಈ ಕಾಳು ಚೆಲ್ಲಿ ಮೇಲೆ ತೆಳುವಾಗಿ ಮಣ್ಣು ಎಳೆಯಬೇಕೆಂದಿದ್ದೇನೆ. ಮೇ ಮುಗಿಯುವುದರೊಳಗೆ ಪಾತಿ ಖಾಲಿಯಾಗುತ್ತದೆ, ಹೀರೆಕಾಯಿ ಬೀಜ ಹಾಕಲು ಇಲ್ಲಿ ಜೂನ್ ಮೊದಲ ವಾರವೇ ಸರಿಯಾದ ಹೊತ್ತು.